ಅಕ್ಕಿ ಹೆಚ್ಚಿದ ಮನೆ

೨೦೦೯ನೇ ಇಸವಿ ಆಗಸ್ಟ್ ೧೭, ಸೋಮವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಮಾಯಸಂದ್ರದ ಬಸ್ ನಿಲ್ದಾಣದ ಎದುರು, ಸೈಕಲ್ ಶಾಪಿಗೆ ಅಂಟಿಕೊಂಡ ಕೋಣೆಯಲ್ಲಿ, ಹೊಂಬಾಳಮ್ಮ ತನ್ನ ತೋರುಬೆರಳನ್ನು ಸೆರಗಿಗೆ ಒರೆಸಿಕೊಂಡು ಕಂಪ್ಯೂಟರಿನ ಗಾಜಿನ ಮೇಲೆ ಮೂರನೆಯ ಸಾಲನ್ನು ಒತ್ತಿದಳು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದು ಆ ಯಂತ್ರದಿಂದಲೇ. ಸ್ವಲ್ಪ ಹೊತ್ತಿನ ಮೇಲೆ ಅದು ಕೊಟ್ಟ ಚೀಟಿಯ ನೆತ್ತಿಯಲ್ಲಿ ತಾರೀಕು, ಗಂಟೆ, ನಿಮಿಷ ಎಲ್ಲವೂ ಅಚ್ಚಾಗಿದ್ದವು. ಯಂತ್ರ ಆ ಮಟ್ಟಿಗೆ ಬಹಳ ಅಚ್ಚುಕಟ್ಟು.

ಕೋಣೆಯ ಹೆಸರು ದಾರಿದೀಪ ಕೇಂದ್ರ. ಅಕ್ಕಿ ಕಾರ್ಡಿಗಾಗಲಿ, ದೊಡ್ಡಾಸ್ಪತ್ರೆಯ ಕಾರ್ಡಿಗಾಗಲಿ ಅರ್ಜಿ ಹಾಕುವ ಮೊದಲು ಜನ ತಮ್ಮ ಅರ್ಹತೆಯನ್ನು ತಾವೇ ನೋಡಿಕೊಳ್ಳಲಿ ಎಂದು ಯಾವುದೋ ಕಂಪನಿಯವರು ಆ ಹೋಬಳಿಯಲ್ಲಿ ಪರೀಕ್ಷೆಗೆಂದು ತೆರೆದದ್ದು. ಗಾಜಿನ ಮೇಲೆ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತಿತ್ತು. ಉತ್ತರ ಒತ್ತಿದರೆ ಅದು ಫೋನ್ ತಂತಿಯಲ್ಲಿ ಎಲ್ಲಿಗೋ ಹೋಗಿ, ಅಲ್ಲಿಂದ ತೀರ್ಪು ವಾಪಸು ಬರುತ್ತಿತ್ತು. ಅರ್ಹರಿಗೆ ಹಸಿರು ಚೀಟಿ. ಹಸಿರು ಚೀಟಿ ಇಲ್ಲದೆ ಅರ್ಜಿಯನ್ನು ಯಾರೂ ಮುಟ್ಟುತ್ತಿರಲಿಲ್ಲ.

"ನೀವೇ ಒತ್ಬೇಕು ಹೊಂಬಾಳಕ್ಕ. ನಾನು ಮುಟ್ಟಂಗೂ ಇಲ್ಲ, ಹೇಳ್ಕೊಡಂಗೂ ಇಲ್ಲ," ಎಂದಿದ್ದ ಕೇಂದ್ರ ನೋಡಿಕೊಳ್ಳುವ ಕಾಂತೇಶ. "ಮೇಲೆ ಕ್ಯಾಮೆರಾ ಮಡಗವ್ರೆ. ಓದೋಕೆ ಬತ್ತದಲ್ಲ?"

"ಏಳನೇ ಕ್ಲಾಸು ಪಾಸು ಕಣಪ್ಪ. ನಿಮ್ಮಪ್ಪನಿಗಿಂತ ಒಂದು ಕ್ಲಾಸು ಜಾಸ್ತಿನೇ."

ಅವಳು ಬಂದದ್ದು ಗಂಡ ಮೈಲಾರಿಗಾಗಿ. ಸುತ್ತಿನ ತೋಟಗಳಲ್ಲಿ ಮರ ಹತ್ತಿ ಕಾಯಿ ಕೆಡವುವುದು ಅವನ ಕೆಲಸ. ಒಂದು ಬೆಳಗ್ಗೆ ಅರ್ಧ ಮರದಲ್ಲಿ ಕೆಮ್ಮು ಹಿಡಿದು, ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಇಳಿಯಲಾರದೆ ಮರವನ್ನು ತಬ್ಬಿಕೊಂಡು ನಿಂತುಬಿಟ್ಟಿದ್ದ. ಏಣಿ ಕಟ್ಟಿ ಇಳಿಸಬೇಕಾಯಿತು. ಆಸ್ಪತ್ರೆಯಲ್ಲಿ ಕಫ ನೋಡಿ ಕ್ಷಯ ಎಂದರು. ಗುಳಿಗೆ ಪುಕ್ಕಟೆ, ದಿನ ಬಿಟ್ಟು ದಿನ ಆಸ್ಪತ್ರೆಗೇ ಹೋಗಿ ಸಿಸ್ಟರ್ ಗಿರಿಜಾಂಬಿಕಾ ಅವರ ಕಣ್ಣೆದುರು ನುಂಗಬೇಕು. ಬರಿಹೊಟ್ಟೆಯಲ್ಲಿ ನುಂಗಿದ ದಿನ ಮೈಲಾರಿ ಆಸ್ಪತ್ರೆಯ ಗೇಟು ದಾಟುವುದರೊಳಗೆ ಕಕ್ಕಿಬಿಡುತ್ತಿದ್ದ. ಕೆಂಪು ಬಣ್ಣದ ಗುಳಿಗೆ ಮಣ್ಣಿನಲ್ಲಿ ಬಿದ್ದದ್ದನ್ನು ಹೊಂಬಾಳಮ್ಮ ಕಾಲಿನಿಂದ ಮಣ್ಣೆಳೆದು ಮುಚ್ಚುತ್ತಿದ್ದಳು.

"ನೋಡಮ್ಮ, ಔಷಧಿ ನಾವು ಕೊಡ್ತೀವಿ," ಎಂದಿದ್ದರು ಗಿರಿಜಾಂಬಿಕಾ. "ಅದು ಕೆಲಸ ಮಾಡ್ಬೇಕು ಅಂದ್ರೆ ಹೊಟ್ಟೇಲಿ ಅನ್ನ ಇರ್ಬೇಕು. ಅದನ್ನ ನಾನು ಕೊಡೋಕಾಗಲ್ಲ. ಮೊದಲು ಒಂದು ಕಾರ್ಡ್ ಮಾಡ್ಸು. ಇವರ ತೂಕ ಇಳೀತಾ ಹೋದ್ರೆ ನನ್ನ ಗುಳಿಗೆ ಏನೂ ಮಾಡಲ್ಲ." ಮೊದಲ ದಿನ ಮೈಲಾರಿಯ ತೂಕ ನಲವತ್ತೊಂದೂವರೆ ಕಿಲೋ ಇತ್ತು.

ಹಿಂದೆ ಅವರ ಮನೆಗೂ ಕಾರ್ಡು ಇತ್ತು. ಅದು ಅತ್ತೆ ಪುಟ್ಟಗಂಗಮ್ಮನ ಹೆಸರಿನಲ್ಲಿತ್ತು. ಅತ್ತೆ ಹೋದ ಮೇಲೆ ಕಾರ್ಡೂ ಹೋಯಿತು. ಉಳಿದದ್ದು ಅತ್ತೆಯ ಮಾತು. ಪುಟ್ಟಗಂಗಮ್ಮನ ಆಳ್ವಿಕೆಯಲ್ಲಿ ಆ ಮನೆಯೊಳಗೆ ದೀಪ ಆರಿಸುತ್ತಿರಲಿಲ್ಲ, ದೊಡ್ಡದು ಮಾಡುತ್ತಿದ್ದರು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಅರಿಶಿನ, ಉಪ್ಪು, ರಾಗಿ, ಅಕ್ಕಿ ಯಾವುದೂ ಯಾವತ್ತೂ ಮುಗಿಯುತ್ತಿರಲಿಲ್ಲ. ಮಡಕೆಯ ತಳಕ್ಕೆ ಕೈ ತಾಗಿದ ದಿನ ಹೊಂಬಾಳಮ್ಮ ಒಳಗಿನಿಂದ "ಅತ್ತೆ, ಅಕ್ಕಿ ಹೆಚ್ಚೈತೆ" ಎಂದು ಕೂಗಬೇಕು. ಆಗ ಅತ್ತೆ ಸೊಂಟದ ಚೀಲ ಬಿಚ್ಚಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಲ ಬಾಯಿತಪ್ಪಿ "ಅಕ್ಕಿ ಇಲ್ಲ" ಎಂದಿದ್ದಳು. ಪುಟ್ಟಗಂಗಮ್ಮ ಏನೂ ಬಯ್ಯಲಿಲ್ಲ. ಆ ದಿನ ಅಕ್ಕಿ ತರಿಸಲೂ ಇಲ್ಲ. "ಇಲ್ಲ ಅಂದ್ಯಲ್ಲ, ಹಂಗೇ ಆಗ್ಲಿ" ಎಂದು ಸೊಸೆಯ ಪಕ್ಕದಲ್ಲೇ ತಾನೂ ಉಪವಾಸ ಮಲಗಿದ್ದಳು. ಅದಾದ ಮೇಲೆ ಹೊಂಬಾಳಮ್ಮನ ಬಾಯಲ್ಲಿ ಆ ಮಾತು ಬಂದದ್ದಿಲ್ಲ.

ಗಾಜಿನ ಮೇಲೆ ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಮನೆಯ ಚಾವಣಿ, ನಾಡಹೆಂಚು. ಜಮೀನು, ಇಪ್ಪತ್ತು ಗುಂಟೆ ಹೊಲ. ತೆಂಗಿನ ತೋಟ, ಇಲ್ಲ. ಟಿ.ವಿ., ಇಲ್ಲ. ಬೈಕು, ಇಲ್ಲ. ಈ ಇಲ್ಲಗಳನ್ನು ಒತ್ತಲು ಅವಳ ಬೆರಳು ಹಿಂಜರಿಯಲಿಲ್ಲ. ತೋಟ ಇಲ್ಲವೆಂದರೆ ತೋಟಕ್ಕೇನೂ ಅವಮಾನವಿಲ್ಲ.

ಒಂಬತ್ತನೆಯ ಪ್ರಶ್ನೆ ಹೀಗಿತ್ತು: ತಿಂಗಳ ಕೊನೆಯ ಹೊತ್ತಿಗೆ ನಿಮ್ಮ ಮನೆಯಲ್ಲಿ ಅಕ್ಕಿ, ರಾಗಿ ಮುಂತಾದ ಧಾನ್ಯ ಏನಾಗುತ್ತದೆ? ಕೆಳಗೆ ಮೂರು ಸಾಲು. ಸಾಲುವುದಿಲ್ಲ. ಸಾಕಾಗುತ್ತದೆ. ಹೆಚ್ಚುತ್ತದೆ.

ಹೊಂಬಾಳಮ್ಮ ಎರಡು ಸಲ ಓದಿದಳು. ಮೊದಲನೆಯದು ದುರಾಸೆಯವರ ಮಾತಿನ ಹಾಗೆ ಕಂಡಿತು. ಇಕ್ಕಿದ ಎಲೆಯ ಮುಂದೆ ಕೂತು ಸಾಲುವುದಿಲ್ಲ ಎಂದ ಹಾಗೆ. ಎರಡನೆಯದು ಸುಳ್ಳು. ಮೂರನೆಯದನ್ನು ಕಂಡು ಅವಳಿಗೆ ಒಳಗೊಳಗೇ ಸಮಾಧಾನವಾಯಿತು. ಬರೆದವರು ಮರ್ಯಾದಸ್ತರು, ತುಂಬಿದ ಮನೆಯವರು, ಅನ್ನದ ವಿಷಯವನ್ನು ಹೇಗೆ ಕೇಳಬೇಕೆಂದು ಬಲ್ಲವರು ಅಂದುಕೊಂಡಳು. ತಿಂಗಳ ಕೊನೆಯೇನು, ಹದಿನೈದನೇ ತಾರೀಕಿಗೇ ಹೆಚ್ಚುತ್ತಿತ್ತು. ಬೆರಳು ಒರೆಸಿಕೊಂಡು ಒತ್ತಿದಳು.

ಚೀಟಿ ಹಸಿರು ಬರಲಿಲ್ಲ, ಕೆಂಪು ಬಂತು.

ಕಾಂತೇಶ ಅದನ್ನು ಹರಿದುಕೊಂಡು ಹುಬ್ಬು ಗಂಟಿಕ್ಕಿದ. "ಇದ್ಯಾಕಕ್ಕ ಹಿಂಗ್ ಬಂತು? ನಿಮ್ಮಂತೋರಿಗೆ ಬರ್ಲಿಲ್ಲ ಅಂದ್ರೆ ಇನ್ಯಾರಿಗ್ ಬತ್ತದೆ?" ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಕಾರಣವಿತ್ತು. ಓದಿದ. "ಹೆಚ್ಚುವರಿ ಆಹಾರಧಾನ್ಯ ಉಳ್ಳ ಕುಟುಂಬ, ಅಂತೆ. ಒಂಬತ್ತಕ್ಕೆ ಏನೊತ್ತಿದ್ರಿ?"

"ಹೆಚ್ಚೈತೆ ಅಂತ ಒತ್ತಿದೆ."

ಅವನು ಅವಳ ಮುಖವನ್ನೇ ನೋಡಿದ. ಅವನ ಮನೆಯಲ್ಲೂ ಅಜ್ಜಿ ಇದ್ದಳು. ನಿಧಾನವಾಗಿ ಅವನಿಗೆ ಹೊಳೆಯಿತು. ನಗು ಬಂದದ್ದನ್ನು ತಡೆದುಕೊಂಡ. ಆಮೇಲೆ ತಡೆಯುವುದಕ್ಕೆ ನಗುವೇ ಉಳಿಯಲಿಲ್ಲ.

"ಅಕ್ಕ, ಅದು ಜಾಸ್ತಿ ಐತೆ ಅಂತ. ಮಿಕ್ತದೆ ಅಂತ."

"ನಂಗ್ ಗೊತ್ತಿಲ್ವೇನಪ್ಪ ಆ ಅರ್ಥ? ಆದ್ರೆ ಮನೇಲಿ ಅಕ್ಕಿ ವಿಷ್ಯ ಅಲ್ವಾ ಕೇಳಿದ್ದು. ಅಕ್ಕೀನ ಇನ್ನೆಂಗೆ ಹೇಳೋದು?" ಅವಳು ಮತ್ತೆ ಗಾಜಿನತ್ತ ಬೆರಳು ಚಾಚಿದಳು. "ಇನ್ನೊಂದ್ ಸಲ ಒತ್ತೀನಿ, ಬಿಡು."

"ಒಂದು ಮನೆಗೆ ವರ್ಷಕ್ಕೆ ಒಂದೇ ಸಲ. ಮುಂದಿನ ಏಪ್ರಿಲ್‌ವರೆಗೂ ನಿಮ್ಮೆಸ್ರು ತಗಳಲ್ಲ ಅದು."

ಬಸ್ಸಿಗೆ ಕಾಯುವಾಗ ಅವಳಿಗೆ ಕೊಬ್ಬರಿಯ ನೆನಪಾಯಿತು. ಮಂಡಿಯವರ ಮನೆಯಲ್ಲಿ ಚಿಪ್ಪು ಒಡೆಯುವ ಕೆಲಸಕ್ಕೆ ಅವಳು ವರ್ಷಗಟ್ಟಲೆ ಹೋಗಿದ್ದಳು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿಯ ಗಿಟುಕು ಲೊಡಲೊಡ ಅಂದರೆ ಒಣಗಿದೆ, ಒಡೆಯಬಹುದು. ಸದ್ದು ಬಾರದಿದ್ದರೆ ಹಸಿ ಎಂದು ಪಕ್ಕಕ್ಕೆ ಇಡುವುದು. ಆದರೆ ಹಾಗೆ ಪಕ್ಕಕ್ಕೆ ಇಟ್ಟದ್ದನ್ನು ಯಾರೂ ಎಸೆಯುವುದಿಲ್ಲ. ಎಂಟು ದಿನ ಬಿಟ್ಟು ಮತ್ತೆ ಅಲ್ಲಾಡಿಸುತ್ತಾರೆ. ಯಾವ ಪರೀಕ್ಷೆಯೂ ತಪ್ಪಬಹುದು. ಒಳ್ಳೆಯದನ್ನು ಕೆಟ್ಟದ್ದೆಂದೂ ಕೆಟ್ಟದ್ದನ್ನು ಒಳ್ಳೆಯದೆಂದೂ ಹೇಳಬಹುದು. ಅದು ಗೊತ್ತಿರುವವರು ಎರಡನೆಯ ಸಲ ಕಿವಿಗೆ ಹಿಡಿಯುತ್ತಾರೆ. ಗಿರಿಜಾಂಬಿಕಾ ಅವರೂ ಮೈಲಾರಿಯ ಕಫವನ್ನು ಎರಡು ದಿನ ತರಿಸಿ ನೋಡಿದ್ದರು. ಕಾಯಿಗೆ ಎರಡು ಸಲ, ಕಫಕ್ಕೆ ಎರಡು ಸಲ, ತನಗೆ ಮಾತ್ರ ಒಂದೇ ಸಲ.

ಮೈಲಾರಿ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಕೇಳಿ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ ಮಾತಾಯಿತು.

"ಹಂಗಾರೆ ಸಾವ್ಕಾರ್ರಾದ್ವಿ ಅನ್ನು. ಕಂಪ್ಯೂಟ್ರೇ ಹೇಳ್ತಲ್ಲ."

"ಸುಮ್ಕಿರು ಸಾಕು."

"ಅವ್ವ ಇದ್ದಿದ್ರೆ ನಿನ್ ಬೆನ್ನು ತಟ್ಟಿರೋಳು ಕಣೇ. ಸರಿಯಾಗೇ ಹೇಳಿದೀಯ."

ಪಕ್ಕದ ಮನೆಯ ಕೆಂಪಕ್ಕ ಹಿತ್ತಿಲ ಬೇಲಿಯ ಮೇಲಿಂದಲೇ ತೀರ್ಪು ಕೊಟ್ಟಳು. "ನಿಮ್ಮತ್ತೆ ಬದುಕಿದ್ದಾಗ ಒಂದು ದಿನ ಉಪವಾಸ ಕೆಡವಿದ್ಲು. ಸತ್ಮೇಲೆ ವರ್ಷಪೂರ್ತಿ ಕೆಡವ್ತಾವ್ಳೆ ನೋಡು."

ಮುಂದಿನ ವಾರ ಹೊಂಬಾಳಮ್ಮ ತಿಪಟೂರಿಗೆ ಹೋದಳು. ದಾರಿದೀಪದ ದೊಡ್ಡ ಆಫೀಸು ಇದ್ದದ್ದು ಒಂದು ಕೊಬ್ಬರಿ ಗೋಡೌನಿನ ಮಹಡಿಯಲ್ಲಿ. ಮೆಟ್ಟಿಲ ತುಂಬ ಕೊಬ್ಬರಿಯ ಜಿಡ್ಡು ವಾಸನೆ. ಮೇಲ್ವಿಚಾರಕರ ಹೆಸರು ಅಂಜನಪ್ಪ. ಅವರು ಕೂರಲು ಹೇಳಿ, ಕೆಂಪು ಚೀಟಿ ನೋಡಿ, ಅವಳ ಮಾತನ್ನು ಪೂರ್ತಿ ಕೇಳಿದರು. ಅರ್ಧದಲ್ಲೇ ಅವರ ಮುಖ ಅರಳಿತ್ತು.

"ನಮ್ಮವ್ವನೂ ಹಿಂಗೇ ಕಣಮ್ಮ. ನಾನು ಕಾಲೇಜಿಂದ ಬಂದಾಗ 'ಎಣ್ಣೆ ಹೆಚ್ಚೈತೆ, ತಗಂಬಾ' ಅನ್ನೋಳು. ಎಷ್ಟು ವರ್ಷ ಆಯ್ತು ಈ ಮಾತು ಕೇಳಿ."

"ಹಂಗಾರೆ ಸರಿ ಮಾಡ್ಕೊಡಿ ಸ್ವಾಮಿ."

ಅಂಜನಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಂಗೆ ಅರ್ಥ ಆಯ್ತು. ಅದಕ್ಕೆ ಅರ್ಥ ಆಗ್ಬೇಕಲ್ಲ. ಅದರೊಳಗೆ ಹೋಗಿ ತಿದ್ದೋ ಅಧಿಕಾರ ನಂಗಿಲ್ಲ. ನಾನು ಮಾಡ್ಬೋದಾದ್ದು ಒಂದೇ. ಮನೆ ತನಿಖೆಗೆ ಬರೆದು ಹಾಕ್ತೀನಿ. ನಮ್ಮವರೊಬ್ಬರು ಬಂದು ನಿಮ್ಮನೆ ನೋಡ್ತಾರೆ. ಅವರು ನೋಡಿದ್ದನ್ನ ಕಂಪ್ಯೂಟರ್ ತಗಳ್ತದೆ. ಆದ್ರೆ ಒಂದು ಮಾತು ಕೇಳಮ್ಮ. ಅವರ ಮುಂದೆ ಈ ಹೆಚ್ಚೈತೆ ಗಿಚ್ಚೈತೆ ಅನ್ಬೇಡ. ಇಲ್ಲ ಅನ್ನು. ಬಾಯಿಬಿಟ್ಟು ಇಲ್ಲ ಅನ್ನು."

ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಇಟ್ಟುಕೊಂಡು ಹೊಂಬಾಳಮ್ಮ ಆ ಮಾತನ್ನು ಅಭ್ಯಾಸ ಮಾಡಿದಳು. ಎರಡೂ ಕಡೆ ತೋಟದ ಸಾಲು ಹಿಂದಕ್ಕೆ ಓಡುತ್ತಿತ್ತು. ಮೊದಲು ತುಟಿಯಲ್ಲಿ, ಆಮೇಲೆ ಉಸಿರಿನಲ್ಲಿ. ಅಕ್ಕಿ ಇಲ್ಲ. ರಾಗಿ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನನ್ನೇ ಕೇಳಿದಳೆಂದು "ಏನಮ್ಮ?" ಎಂದಳು. "ಏನಿಲ್ಲ" ಅಂದಳು ಹೊಂಬಾಳಮ್ಮ. ಅದು ಮಾತ್ರ ಸಲೀಸಾಗಿ ಬಂತು.

ತನಿಖೆಗೆ ಜನ ಬರುವಷ್ಟರಲ್ಲಿ ದಸರೆ ಕಳೆದು ದೀಪಾವಳಿಯೂ ಕಳೆದಿತ್ತು. ಮೈಲಾರಿ ಆಸ್ಪತ್ರೆಗೆ ನಡೆಯುವಾಗ ದಾರಿಯಲ್ಲಿ ಮೂರು ಕಡೆ ಕೂರುತ್ತಿದ್ದ. ಚಿಪ್ಪು ಒಡೆಯುವ ಕೆಲಸಕ್ಕೆ ಹೋದ ದಿನ ಹೊಂಬಾಳಮ್ಮನಿಗೆ ಅವನ ಜೊತೆ ಹೋಗಲಾಗುತ್ತಿರಲಿಲ್ಲ. ಅವನ ಜೊತೆ ಹೋದ ದಿನ ಕೆಲಸವಿಲ್ಲ. ಕಂದಿಕೆರೆಗೆ ಕೊಟ್ಟಿದ್ದ ಮಗಳು ಪವಿತ್ರ ಒಂದು ಸಲ ಒಂದು ಚೀಲ ರಾಗಿ ತಂದಿಟ್ಟು ಹೋಗಿದ್ದಳು. ಅದೂ ಹೆಚ್ಚಿತು.

ಬಂದವರು ಸಣ್ಣತಿಮ್ಮಯ್ಯ ಎಂಬ ನಿವೃತ್ತ ಮೇಷ್ಟ್ರು. ಬಿಳಿ ಅಂಗಿ, ಹೆಗಲಿಗೆ ಚೀಲ. ಬಂದಾಗ ನಡುಮಧ್ಯಾಹ್ನ. ಹೊಂಬಾಳಮ್ಮ ಬಾಗಿಲಲ್ಲೇ ನಿಂತು, ಅವರು ಚಪ್ಪಲಿ ಬಿಡುವ ಮೊದಲೇ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿಬಿಟ್ಟಳು. "ಮನೇಲಿ ಅಕ್ಕಿ ಇಲ್ಲ ಸ್ವಾಮಿ. ರಾಗಿ ಇಲ್ಲ. ಇಲ್ಲ." ಹೇಳಿದ ಮೇಲೆ ಒಳಗೋಡೆಯಲ್ಲಿದ್ದ ಅತ್ತೆಯ ಪಟದ ಕಡೆ ನೋಡಲಿಲ್ಲ.

ಸಣ್ಣತಿಮ್ಮಯ್ಯ ಒಳಗೆ ಬಂದರು. ಅವಳು ಒಂದೊಂದೇ ಮಡಕೆಯ ಮುಚ್ಚಳ ತೆಗೆದು ತೋರಿಸಿದಳು. ಅವರು ಬಗ್ಗಿ ನೋಡಿದರು. ರಾಗಿಯ ಗುಡಾಣದೊಳಕ್ಕೆ ಕೈ ಹಾಕಿ ತಳ ಮುಟ್ಟಿ, ಬೆರಳಿಗೆ ಹತ್ತಿದ ಹೊಟ್ಟನ್ನು ಉಜ್ಜಿ ನೋಡಿಕೊಂಡರು. ಅಟ್ಟಕ್ಕೆ ಟಾರ್ಚು ಬಿಟ್ಟರು. ಚೀಲದಿಂದ ಹಾಳೆ ತೆಗೆದು ಗೋಡೆಗೆ ಒರಗಿ ಕೂತು ಗುರುತು ಹಾಕತೊಡಗಿದರು. ಧಾನ್ಯ ಸಂಗ್ರಹ, ಇಲ್ಲ. ಕಾಯಿ ಸಂಗ್ರಹ, ಇಲ್ಲ. ಅವರ ಪೆನ್ನು ಒಂದೊಂದು ಸಲ ಕೆಳಗಿಳಿದಾಗಲೂ ಹೊಂಬಾಳಮ್ಮನ ಎದೆ ಹಗುರವಾಗುತ್ತಿತ್ತು. "ಆಗ್ತದೆ ಬಿಡಮ್ಮ," ಎಂದರು ಅವರು ತಲೆಯೆತ್ತದೆ. "ಇಷ್ಟು ಕಂಡ್ಮೇಲೆ ಆಗ್ದೆ ಏನು?"

ಆಗ ಮೂಲೆಯ ಚಾಪೆಯಿಂದ ಮೈಲಾರಿ ಎದ್ದು ಕೂತ. ಬಾಯಿಗೆ ಟವೆಲು ಅಡ್ಡ ಹಿಡಿದುಕೊಂಡು ಹೇಳಿದ. "ಊಟದ ಹೊತ್ತಾಯ್ತು. ಮೇಷ್ಟ್ರು ಊಟ ಮಾಡ್ಕಂಡೇ ಹೋಗ್ಬೇಕು."

"ಬೇಡಪ್ಪ, ಬೇಡ. ನಂದಾಗೈತೆ."

"ನಿಮ್ ಮಕ ನೋಡಿದ್ರೆ ಗೊತ್ತಾಯ್ತದೆ ಸ್ವಾಮಿ, ಆಗಿಲ್ಲ. ನಮ್ಮವ್ವ ಇದ್ದ ಮನೆ ಇದು. ಹೊತ್ತಿಗ್ ಬಂದೋರ್ನ ಹಂಗೇ ಕಳ್ಸಿದ್ದಿಲ್ಲ. ಕಾಯಿಲೆಯವ್ನ ಮನೆ ಅಂತ ಬೇಡ ಅಂತೀರೇನೋ, ಅದು ಬೇರೆ ಮಾತು."

ಕೊನೆಯ ಮಾತು ಸಣ್ಣತಿಮ್ಮಯ್ಯನವರಿಗೆ ತಾಗಿತು. ಜೀವಮಾನವೆಲ್ಲ ಮಕ್ಕಳಿಗೆ ಯಾರನ್ನೂ ಹಾಗೆ ಕಾಣಬಾರದೆಂದು ಹೇಳಿದವರು. "ಹಂಗೆಲ್ಲ ಅನ್ಬೇಡ," ಎಂದು ಕಾಲು ಮಡಚಿ ಸರಿಯಾಗಿ ಕೂತರು.

ಹೊಂಬಾಳಮ್ಮ ಗಂಡನ ಮುಖ ನೋಡಿದಳು. ಅವನ ಕಣ್ಣಲ್ಲಿ ಎಷ್ಟೋ ದಿನದಿಂದ ಇಲ್ಲದಿದ್ದ ಒಂದು ಯಜಮಾನಿಕೆ ಇತ್ತು. ಅದನ್ನು ಆರಿಸಲು ಅವಳಿಂದಾಗಲಿಲ್ಲ. ಹಿಂಬಾಗಿಲಿನಿಂದ ಹೊರಬಿದ್ದು ಬೇಲಿ ದಾಟಿ ಕೆಂಪಕ್ಕನ ಅಡಿಗೆಮನೆಗೆ ನುಗ್ಗಿದಳು.

"ಕೆಂಪಕ್ಕ, ಅರ್ಧ ಸೇರು ಅಕ್ಕಿ ಹಾಕು."

"ಯಾತಕ್ಕೆ?"

"ಮೇಷ್ಟ್ರಿಗೆ ಊಟಕ್ಕೆ."

"ಹುಚ್ಚುಗಿಚ್ಚು ಹಿಡೀತೇನೇ? ಅಕ್ಕಿ ಇಲ್ಲ ಅಂತ ನೋಡೋಕ್ ಬಂದೋನ್ಗೆ ಅನ್ನ ಇಕ್ತೀಯ?"

"ನಮ್ಮನೆಯವ್ರು ಕರೆದ್ಬುಟ್ರಲ್ಲ ಕಣಕ್ಕ."

ಕೆಂಪಕ್ಕ ಬಯ್ಯುತ್ತಲೇ ಅಕ್ಕಿ ಅಳೆದು ಹಾಕಿದಳು. ಮೇಲೆ ಒಂದು ಸೌಟು ಹುರುಳಿಸಾರನ್ನೂ ಬಗ್ಗಿಸಿದಳು. ಬೇಲಿಯ ಆ ಕಡೆಯವಳಾಗಿದ್ದರೆ ಅವಳೂ ಅದನ್ನೇ ಮಾಡುತ್ತಿದ್ದಳು.

ಸಣ್ಣತಿಮ್ಮಯ್ಯ ಎರಡು ಸಲ ಅನ್ನ ಹಾಕಿಸಿಕೊಂಡರು. ಮೈಲಾರಿಯೂ ಅವತ್ತು ಹೊಟ್ಟೆತುಂಬ ಉಂಡ. ಉಂಡದ್ದು ಒಳಗೇ ನಿಂತಿತು. ಅತಿಥಿಯ ಜೊತೆ ಮಳೆ, ಮರಕ್ಕೆ ಬಿದ್ದ ನುಸಿ, ಈಗಿನ ಹುಡುಗರು ಮರ ಹತ್ತಲು ಒಲ್ಲದ್ದು, ಎಲ್ಲ ಮಾತಾಡಿದ. ಕೈ ತೊಳೆದು ಬಂದ ಮೇಷ್ಟ್ರು ಉಳಿದ ಹಾಳೆಯನ್ನು ಮುಗಿಸಲು ಮತ್ತೆ ಪೆನ್ನು ಹಿಡಿದರು. ಕೊನೆಯ ಸಾಲಿನ ಹತ್ತಿರ ಪೆನ್ನು ನಿಂತಿತು. ಬಹಳ ಹೊತ್ತು ನಿಂತಿತು.

"ಏನ್ ಸ್ವಾಮಿ?" ಎಂದಳು ಹೊಂಬಾಳಮ್ಮ.

ಅವರು ಓದಿದರು. "ಭೇಟಿಯ ವೇಳೆ ಮನೆಯಲ್ಲಿ ಬೇಯಿಸಿದ ಅನ್ನ ಇತ್ತೇ? ಹೌದು, ಇಲ್ಲ. ಎರಡೇ ಐತಮ್ಮ."

"ಅದು ಕೆಂಪಕ್ಕನ ಮನೇದು."

"ಗೊತ್ತಾಯ್ತು. ನೀನು ಹಿಂದ್ಗಡೆಯಿಂದ ಹೋಗಿದ್ದು ನೋಡ್ದೆ." ಅವರ ಧ್ವನಿ ಇಳಿದಿತ್ತು. "ನೋಡಿನೂ ಕೈ ತೊಳೆದು ಕೂತ್ಕಂಡ್ನಲ್ಲ. ಈ ಕೊನೇ ಸಾಲು ಮೊದ್ಲೇ ಓದಿದ್ರೆ ಒಂದು ತುತ್ತೂ ಮುಟ್ಟುತಿರ್ಲಿಲ್ಲ. ಈಗ ಇಲ್ಲ ಅಂತ ಹೆಂಗ್ ಬರೀಲಿ? ತಿಂದಿದೀನಲ್ಲಮ್ಮ."

ಮೇಷ್ಟ್ರು ಹೌದು ಎಂದು ಗುರುತು ಹಾಕಿದರು. ಪಕ್ಕದ ಖಾಲಿ ಜಾಗದಲ್ಲಿ, ಅನ್ನ ನೆರೆಮನೆಯ ಅಕ್ಕಿಯದು, ಅತಿಥಿಗೆಂದು ತಂದದ್ದು, ಎಂದು ಗುಂಡಗೆ ಬರೆದು ಸಹಿ ಮಾಡಿದರು. ಹಾಗೆ ಬರೆದದ್ದು ಅವರ ಪ್ರಾಮಾಣಿಕತೆ. ಹಾಳೆ ತಿಪಟೂರಿನ ಮಹಡಿ ಹತ್ತಿ ಕಂಪ್ಯೂಟರಿನೊಳಗೆ ಹೋದಾಗ ಗುರುತುಗಳು ಮಾತ್ರ ಹೋದವು. ಪಕ್ಕದ ಬರಹಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಡಿಸೆಂಬರಿನ ಮೊದಲ ವಾರ ಕಾಂತೇಶ ತಾನೇ ಸೈಕಲ್ ತುಳಿದುಕೊಂಡು ಬಂದ. ಚೀಟಿ ಕೈಯಲ್ಲೇ ಇತ್ತು, ಮಡಚಿ ಮಡಚಿ ಬೆರಳ ಗಾತ್ರ ಮಾಡಿದ್ದ. ಬಣ್ಣ ಕಾಣದಿರಲಿ ಎಂದಿರಬೇಕು.

"ಏಪ್ರಿಲ್‌ಗೆ ಮತ್ತೆ ಒತ್ಬೋದು ಅಕ್ಕ," ಎಂದ. "ಆಗ ನಾನೇ ಪಕ್ಕದಲ್ಲಿ ನಿಂತ್ಕಂತೀನಿ. ಕ್ಯಾಮೆರಾ ಇದ್ರೂ ಸರಿ."

ಹೊಂಬಾಳಮ್ಮ ಅವನಿಗೆ ಕುಡಿಯಲು ನೀರು ಕೊಟ್ಟಳು. ಏಪ್ರಿಲ್ ಎಂದರೆ ಯುಗಾದಿ ಕಳೆದ ಮೇಲೆ. ಅವಳು ಬಾಗಿಲಿಂದಲೇ ಒಳಗೆ ನೋಡಿದಳು. ಚಾಪೆಯ ಮೇಲೆ ಕಂಬಳಿ ಇತ್ತು. ಕಂಬಳಿಯ ಕೆಳಗೆ ಮನುಷ್ಯ ಇದ್ದಾನೆಂದು ತಿಳಿಯಲು ಸ್ವಲ್ಪ ಹೊತ್ತು ನೋಡಬೇಕಿತ್ತು.

ಮಾರನೆಯ ದಿನ ಗುಳಿಗೆಯ ದಿನ. ಎದುರು ಮನೆಯವರ ಟೆಂಪೋದಲ್ಲಿ ಖಾಲಿ ಚೀಲಗಳ ಮೇಲೆ ಕೂರಿಸಿಕೊಂಡು ಅವನನ್ನು ಮಾಯಸಂದ್ರಕ್ಕೆ ಕರೆದೊಯ್ದಳು. ಅವನ ಎದೆಗೆ ಕೊಳವೆ ಇಟ್ಟು ಕೇಳಿಸಿಕೊಳ್ಳುತ್ತಿದ್ದ ಡಾಕ್ಟರನ್ನು ಗಿರಿಜಾಂಬಿಕಾ ಒಂದು ಸಲ, ಹೊಂಬಾಳಮ್ಮನನ್ನು ಒಂದು ಸಲ ನೋಡಿದರು. ಕಾರ್ಡಿನ ವಿಷಯ ಕೇಳುವುದನ್ನು ಅವರು ನಿಲ್ಲಿಸಿ ಬಹಳ ದಿನವಾಗಿತ್ತು. ದೊಡ್ಡಾಸ್ಪತ್ರೆಗೆ ಸೇರಿಸಿದರೆ ಒಳ್ಳೆಯದು ಎಂದರು ಡಾಕ್ಟರು, ಕಾರ್ಡು ಇದೆಯಾ ಎಂದೂ ಕೇಳಿದರು. ಹೊಂಬಾಳಮ್ಮ "ಇಲ್ಲ" ಎಂದಳು. ಈಗ ಆ ಮಾತಿಗೆ ಅಭ್ಯಾಸ ಬೇಕಾಗಿರಲಿಲ್ಲ.

ಬಾಗಿಲ ಪಕ್ಕದಲ್ಲಿ ತೂಕದ ಯಂತ್ರ. ಇಬ್ಬರು ಹೆಂಗಸರೂ ಎರಡು ಕಡೆ ಹಿಡಿದು ಮೈಲಾರಿಯನ್ನು ಅದರ ಮೇಲೆ ನಿಲ್ಲಿಸಿದರು. ಮರ ತಬ್ಬುವವನ ಹಾಗೆ ಅವನ ಎರಡು ಕೈಗಳೂ ಗಾಳಿಯಲ್ಲಿ ಆಸರೆ ಹುಡುಕಿ ಗೋಡೆ ಮುಟ್ಟಿದವು. "ಗೋಡೆ ಬಿಡಿ ಮೈಲಾರಪ್ಪ, ಒಂದೇ ನಿಮಿಷ," ಎಂದರು ಗಿರಿಜಾಂಬಿಕಾ. ಅವನು ಬಿಟ್ಟ. ಅವನಿಗೆ ಕೆಳಗೆ ಬಗ್ಗಿ ನೋಡಲು ಆಗುತ್ತಿರಲಿಲ್ಲ.

"ಹೆಚ್ಚೈತಾ ಸಿಸ್ಟರ್?" ಎಂದು ಕೇಳಿದ.

ಗಿರಿಜಾಂಬಿಕಾ ಮುಳ್ಳಿನ ಮೇಲೆ ಕಣ್ಣಿಟ್ಟು ಬಗ್ಗಿಕೊಂಡೇ ಇದ್ದರು. ಎದ್ದರೆ ಉತ್ತರ ಹೇಳಬೇಕಾಗುತ್ತಿತ್ತು.

ಹೊಂಬಾಳಮ್ಮ ಗಂಡನ ಮೊಳಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಹೆಚ್ಚೈತೆ," ಎಂದಳು.

ಮುಳ್ಳು ನಿಂತಿದ್ದದ್ದು ಮೂವತ್ತನಾಲ್ಕೂವರೆ ಕಿಲೋಗೆ.